ಜಾತ್ರೆಗೆ ಬಂದವರು ಸಂತೆಗೆ ಬರಲಿಲ್ಲ

2024ರ ಜುಲೈ 3ರಂದು ‘ಕೂ’ ಆ್ಯಪನ್ನು ಮುಚ್ಚುತ್ತಿರುವುದಾಗಿ ಅದರ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಪ್ರಕಟಿಸಿದಾಗ, ಸುದ್ದಿ ಓದಿದ ಕನ್ನಡಿಗರಲ್ಲಿ ಎಷ್ಟೋ ಜನ ಕೇಳಿದ ಪ್ರಶ್ನೆ, ‘ಅದು ಇನ್ನೂ ಇತ್ತಾ?’ ಸಾಮಾಜಿಕ ಜಾಲತಾಣವೊಂದಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆ ಬೇಕಿಲ್ಲ. ಕೂ ಎಲ್ಲಿಂದಲೋ ಬಂದು, ಪಟ್ಟಿಯ ಕೊನೆಯಲ್ಲಿ ಕನ್ನಡವನ್ನೂ ಸೇರಿಸಿಕೊಂಡ ಆ್ಯಪ್ ಆಗಿದ್ದರೆ ಈ ಮರೆವು ಸಹಜವಿತ್ತು. ಆದರೆ 2020ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದು ಮಾತಾಡಿದ ಮೊದಲ ಭಾಷೆ ಕನ್ನಡ. ಹಿಂದಿ, ತಮಿಳು, ತೆಲುಗು ಎಲ್ಲ ಆಮೇಲೆ ಬಂದವು. ನಮ್ಮ ಭಾಷೆಗೆ ಇಂಥ ಅಗ್ರಪೂಜೆ ಸಿಗುವುದು ಅಪರೂಪ.

ಸೋತವರನ್ನು ಆಡಿಕೊಳ್ಳುವುದು ಸುಲಭ. ಹಾಗಾಗಿ ಮೊದಲು ಅವರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸ್ಥಾಪಕರೇ ಕೊಟ್ಟ ಅಂಕಿಯಂತೆ, ಉತ್ತುಂಗದಲ್ಲಿದ್ದಾಗ ಕೂ ಬಳಸುತ್ತಿದ್ದವರು ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ. ಟೈಗರ್ ಗ್ಲೋಬಲ್‌ನಂಥ ಹೂಡಿಕೆದಾರರು ಹಣ ಹಾಕಿದ್ದರು. ಜಾವಗಲ್ ಶ್ರೀನಾಥ್ ಪಾಲು ಕೊಂಡಿದ್ದರು, ಅನಿಲ್ ಕುಂಬ್ಳೆ ಖಾತೆ ತೆರೆದಿದ್ದರು. 2020ರ ಆಗಸ್ಟ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಹೆಸರೆತ್ತಿ ಹೊಗಳಿದ್ದರು. ಮುಚ್ಚುವಾಗ ಸ್ಥಾಪಕರು ಕೊಟ್ಟ ಕಾರಣಗಳೂ ಸುಳ್ಳಲ್ಲ: ಬಂಡವಾಳ ಬತ್ತಿತು, ತಂತ್ರಜ್ಞಾನದ ಖರ್ಚು ಏರಿತು, ದೊಡ್ಡ ಕಂಪನಿಗಳ ಜೊತೆಗಿನ ವಿಲೀನದ ಮಾತುಕತೆ ಮುರಿದುಬಿತ್ತು. ಇವೆಲ್ಲ ನಿಜವೇ. ಆದರೆ ಒಂದು ಕೋಟಿ ಜನ ಬಂದ ಜಾಗ ಎರಡು ವರ್ಷದೊಳಗೆ ಬಿಕೋ ಎನ್ನುವಂತಾಗಲು ಹಣದ ಕೊರತೆಯೊಂದೇ ಕಾರಣವಾಗಲಾರದು. ಬಂದವರು ಯಾರು, ಯಾಕೆ ಬಂದರು ಎಂಬುದನ್ನೂ ನೋಡಬೇಕು.

ಈ ಪ್ರಶ್ನೆಗೆ ಕಂಪ್ಯೂಟರಿಗಿಂತ ಹಳೆಯದಾದ ಒಂದು ಹಿನ್ನೆಲೆಯಿದೆ, ಅದು ಜೋಳದ ಹೊಲದಲ್ಲಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ 1928ರ ಸುಮಾರಿಗೆ ಮೆಕ್ಕೆಜೋಳದ ಹೈಬ್ರಿಡ್ ಬೀಜ ಮಾರುಕಟ್ಟೆಗೆ ಬಂತು. ಇಳುವರಿ ಹೆಚ್ಚು, ಬರವನ್ನೂ ತಾಳಿಕೊಳ್ಳುತ್ತದೆ. ಆದರೂ ಎಲ್ಲ ರೈತರೂ ಅದಕ್ಕೆ ಒಗ್ಗಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಊರುಗಳ ರೈತರನ್ನು ಮಾತಾಡಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಬೀಜದ ವಿಷಯ ಹೆಚ್ಚಿನವರಿಗೆ ಮೊದಲು ಗೊತ್ತಾದದ್ದು ಕಂಪನಿಯ ಮಾರಾಟಗಾರರಿಂದ. ಬಿತ್ತಲು ಧೈರ್ಯ ಬಂದದ್ದು ಪಕ್ಕದ ಹೊಲದವನ ಮಾತಿನಿಂದ. ಬಿತ್ತಿದವರೂ ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಷ್ಟೇ ಬಿತ್ತಿ ನೋಡಿದರು. ಅದೇ ಅಯೋವಾದ ರೈತನ ಮಗ ಎವರೆಟ್ ರೋಜರ್ಸ್. ಅವನ ಅಪ್ಪನಿಗೆ ಹೊಸ ಯಂತ್ರ ಎಂದರೆ ಪ್ರಾಣ, ಹೊಸ ಬೀಜ ಎಂದರೆ ಅನುಮಾನ. 1936ರ ಬರಗಾಲದಲ್ಲಿ ಪಕ್ಕದವರ ಹೈಬ್ರಿಡ್ ಬೆಳೆ ನಿಂತು ತನ್ನದು ಬಾಡಿದಾಗಲೇ ಅವನು ಒಪ್ಪಿದ್ದು. ಇದನ್ನೆಲ್ಲ ಕಣ್ಣಾರೆ ಕಂಡ ಮಗ 1962ರಲ್ಲಿ ಬರೆದ ಪುಸ್ತಕದಿಂದಲೇ ‘ಅರ್ಲಿ ಅಡಾಪ್ಟರ್’ ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು. ರೋಜರ್ಸ್ ಲೆಕ್ಕದಲ್ಲಿ ಹೊಸದನ್ನು ಹುಡುಕಿಕೊಂಡು ಹೋಗುವ ಸಾಹಸಿಗಳು ನೂರಕ್ಕೆ ಎರಡೂವರೆ, ಅವರ ಬೆನ್ನಿಗೇ ಬರುವ ಮೊದಲಿಗರು ಹದಿಮೂರೂವರೆ. ಉಳಿದವರೆಲ್ಲ ಪಕ್ಕದ ಹೊಲ ನೋಡಿ ಬಿತ್ತುವವರು.

ಮೂವತ್ತು ವರ್ಷದ ನಂತರ, 1991ರಲ್ಲಿ, ಸಿಲಿಕಾನ್ ವ್ಯಾಲಿಯ ಸಲಹೆಗಾರ ಜೆಫ್ರಿ ಮೂರ್ ಇದಕ್ಕೊಂದು ತಿದ್ದುಪಡಿ ತಂದ. ಮೊದಲಿಗರಿಗೂ ಅವರ ನಂತರದ ಬಹುಜನಕ್ಕೂ ನಡುವೆ ಒಂದು ಕಂದಕವಿದೆ, ಹೆಚ್ಚಿನ ಹೊಸ ಸರಕುಗಳು ಬಿದ್ದು ಸಾಯುವುದು ಅದರಲ್ಲೇ ಎಂದ. ಮೊದಲಿಗರು ಅರೆಬೆಂದದ್ದನ್ನೂ ಉಣ್ಣುತ್ತಾರೆ, ಅವರಿಗೆ ಹೊಸತನವೇ ರುಚಿ. ಬಹುಜನಕ್ಕೆ ಬೇಕಾದದ್ದು ತಮ್ಮಂಥವರ ಸಾಕ್ಷಿ. ಸಾಮಾಜಿಕ ಜಾಲತಾಣದಲ್ಲಿ ಈ ಕಂದಕ ಇನ್ನೂ ಆಳ, ಯಾಕೆಂದರೆ ಅಲ್ಲಿ ಸರಕು ಅಂದರೆ ಜನವೇ. ಬೀಜ ಒಳ್ಳೆಯದಿದ್ದರೆ ಒಬ್ಬನೇ ಬಿತ್ತಿದರೂ ಮೊಳೆಯುತ್ತದೆ. ಜಾಲತಾಣ ಎಷ್ಟೇ ಚೆಂದವಿದ್ದರೂ ಪರಿಚಯದ ನಾಲ್ಕು ಜನ ಅಲ್ಲಿಲ್ಲದಿದ್ದರೆ ಅದು ಖಾಲಿ ಛತ್ರ.

ಕೂ ಕಡೆಗೇ ಬರೋಣ. ಅದರ ಬೆಳವಣಿಗೆಯನ್ನು ಇಸವಿಯ ಪ್ರಕಾರ ಬರೆದಿಟ್ಟರೆ ಕಣ್ಣಿಗೆ ಹೊಡೆಯುವ ಸಂಗತಿಯೊಂದಿದೆ. ಅದರ ಪ್ರತಿಯೊಂದು ದೊಡ್ಡ ಜಿಗಿತಕ್ಕೂ ಕಾರಣ ಬೇರೆಲ್ಲೋ ನಡೆದ ಜಗಳ. 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಸಂದರ್ಭದಲ್ಲಿ ಕೆಲವು ಖಾತೆಗಳನ್ನು ತಡೆಹಿಡಿಯಬೇಕೆಂದು ಕೇಂದ್ರ ಸರ್ಕಾರ ಟ್ವಿಟರ್‌ಗೆ ಹೇಳಿತು, ಟ್ವಿಟರ್ ಪೂರ್ತಿ ಒಪ್ಪಲಿಲ್ಲ. ಸಚಿವರು ಸಾಲುಸಾಲಾಗಿ ಕೂ ಕಡೆ ಹೊರಟರು. ಟ್ವಿಟರ್‌ಗೆ ಕೊಡಬೇಕಾದ ಉತ್ತರವನ್ನು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊದಲು ಹಾಕಿದ್ದು ಕೂನಲ್ಲಿ! ಅದೇ ವರ್ಷದ ಜೂನ್‌ನಲ್ಲಿ ನೈಜೀರಿಯಾ ಸರ್ಕಾರ ಟ್ವಿಟರನ್ನು ನಿಷೇಧಿಸಿ ಕೂನಲ್ಲಿ ಖಾತೆ ತೆರೆಯಿತು. 2022ರ ನವೆಂಬರ್‌ನಲ್ಲಿ, ಇಲಾನ್ ಮಸ್ಕ್ ಟ್ವಿಟರ್ ಕೊಂಡ ಗದ್ದಲದ ನಡುವೆ, ಬ್ರೆಜಿಲ್ ಜನ ಮುಗಿಬಿದ್ದರು. ಎರಡೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್. ಅದಕ್ಕೆ ಅರ್ಧ ಕಾರಣ ಟ್ವಿಟರ್ ಮೇಲಿನ ಬೇಸರ. ಇನ್ನರ್ಧ, ಕೂ ಎಂಬ ಹೆಸರು ಪೋರ್ಚುಗೀಸ್ ಕಿವಿಗೆ ಪೋಲಿ ಮಾತಿನಂತೆ ಕೇಳಿಸುತ್ತದೆಂಬ ತಮಾಷೆ. ಬೆಂಗಳೂರಿನ ಎಂಜಿನಿಯರುಗಳು ಕೆಲವೇ ದಿನಗಳಲ್ಲಿ ಪೋರ್ಚುಗೀಸ್ ಆವೃತ್ತಿ ಸಿದ್ಧಮಾಡಿದರು.

ಅವರ ಶ್ರಮಕ್ಕೆ ತಲೆಬಾಗಲೇಬೇಕು. ಆದರೆ ಆ ಕ್ಷಣದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದ ಒಬ್ಬ ಕೂ ಬಳಕೆದಾರನಿಗೆ ಬ್ರೆಜಿಲ್‌ನ ಹತ್ತು ಲಕ್ಷ ಜನರಿಂದ ಏನು ಸಿಕ್ಕಿತು? ಏನೂ ಇಲ್ಲ. ಸಾವೊ ಪಾಲೊದ ಹುಡುಗನ ತಮಾಷೆ ಶಿರಸಿಯ ಓದುಗನ ಫೀಡಿಗೆ ಬರುವುದಿಲ್ಲ, ಬಂದರೂ ತಿಳಿಯುವುದಿಲ್ಲ. ಜಾಲದ ಬೆಲೆ ಸದಸ್ಯರ ಸಂಖ್ಯೆ ಹೆಚ್ಚಿದಂತೆ ಹೆಚ್ಚುತ್ತದೆ ಎಂಬ ಪ್ರಸಿದ್ಧ ಸೂತ್ರವಿದೆಯಲ್ಲ, ಅದು ಸದಸ್ಯರು ಪರಸ್ಪರ ಮಾತಾಡಬಲ್ಲರು ಎಂದು ಮೊದಲೇ ಊಹಿಸಿಕೊಂಡಿರುತ್ತದೆ. ಕೂ ಭಾಷೆಯಿಂದ ಭಾಷೆಗೆ ಗೋಡೆ ಕಟ್ಟಿಕೊಂಡ ಜಾಲ, ಅದೇ ಅದರ ಹೆಮ್ಮೆಯೂ ಆಗಿತ್ತು. ಹಾಗಾಗಿ ಅದು ಒಂದು ಕೋಟಿ ಜನರ ಒಂದು ಜಾಲವಾಗಲಿಲ್ಲ, ಹಲವು ಸಣ್ಣ ಜಾಲಗಳ ಒಕ್ಕೂಟವಾಯಿತು. ಹೊಸ ಭಾಷೆ ಸೇರಿಸಿದಾಗಲೆಲ್ಲ ಸೊನ್ನೆಯಿಂದ ಶುರುಮಾಡಬೇಕಾದ ಇನ್ನೊಂದು ಜಾಲ ಹೆಗಲೇರುತ್ತಿತ್ತು.

ಇದನ್ನು ಅವರು ಕಾಣಲಿಲ್ಲವೆಂದಲ್ಲ. ಒಂದು ಭಾಷೆಯಲ್ಲಿ ಬರೆದದ್ದನ್ನು ಒಂದೇ ಸಲ ಹಲವು ಭಾಷೆಗಳಲ್ಲಿ ಹಾಕುವ ಅನುಕೂಲ ಮಾಡಿಕೊಟ್ಟರು. ಸಚಿವರಿಗೆ, ನಟರಿಗೆ, ಕ್ರಿಕೆಟಿಗರಿಗೆ ಅದು ಬಲು ಉಪಯುಕ್ತ. ಹೈದರಾಬಾದಿನ ನಟನ ಹಬ್ಬದ ಶುಭಾಶಯ ಕನ್ನಡದಲ್ಲೂ ಬರುತ್ತದೆ. ಕೆಳಗೆ ಕನ್ನಡದಲ್ಲಿ ಒಬ್ಬ ಪ್ರಶ್ನೆ ಕೇಳುತ್ತಾನೆ. ಅದನ್ನು ಓದಿ ಉತ್ತರಿಸುವವರಿಲ್ಲ. ಧ್ವನಿವರ್ಧಕ ಕಟ್ಟಿದ ಕಂಬ ಮತ್ತು ಮಾತುಕತೆ ನಡೆಯುವ ಕಟ್ಟೆ ಎರಡೂ ಬೇರೆ. ಕೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಸಾವಿರಾರು ‘ವಿಐಪಿ’ಗಳು ಬಂದದ್ದು ಕಂಬಕ್ಕೆ. ಅವರು ಟ್ವಿಟರಿನಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತಿದ್ದರೆ ಓದುಗ ಇಲ್ಲಿಗೆ ಯಾಕೆ ಬರಬೇಕು?

ಇನ್ನು ರಾಜಕೀಯದ ಹಣೆಪಟ್ಟಿ. 2021ರ ಫೆಬ್ರುವರಿಯ ಅಲೆಯಲ್ಲಿ ಬಂದವರಲ್ಲಿ ಆಳುವ ಪಕ್ಷದ ಕಡೆಯವರು ಹೆಚ್ಚು ಎಂದು ಟೀಕೆ ಬಂತು. ತಾವು ಎಲ್ಲರಿಗೂ ಸೇರಿದವರು ಎಂದು ಸಂಸ್ಥೆ ಎಷ್ಟು ಹೇಳಿದರೂ ಆ ಬಣ್ಣ ಮಾಸಲಿಲ್ಲ. ಇದರಲ್ಲಿ ತಪ್ಪು ಯಾರದೆಂದು ವಾದ ಮಾಡುವುದಕ್ಕಿಂತ ಅದರ ಪರಿಣಾಮ ನೋಡುವುದು ಮೇಲು. ಮೊದಲು ತುಂಬಿಕೊಂಡವರೇ ಆ ಜಾಗದ ಗುಣವನ್ನು ನಿರ್ಧರಿಸುತ್ತಾರೆ, ಆಮೇಲೆ ಬರುವವರು ಬಾಗಿಲಲ್ಲಿ ನಿಂತು ಒಳಗೆ ಯಾರಿದ್ದಾರೆಂದು ಇಣುಕಿ ನೋಡಿ ತೀರ್ಮಾನಿಸುತ್ತಾರೆ. ಅಯೋವಾ ರೈತ ನೋಡಿದ್ದೂ ಪಕ್ಕದ ಹೊಲವನ್ನೇ.

ಬೇರೊಂದು ಕಡೆಯ ಜಗಳದಿಂದ ಬಂದ ಜನ ಜಾತ್ರೆಗೆ ಬಂದವರ ಹಾಗೆ. ತೇರು ಎಳೆಯುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ, ಮರುದಿನ ಬೆಳಿಗ್ಗೆ ಬೆಂಡು ಬತ್ತಾಸಿನ ಕಾಗದ ಹಾರಾಡುತ್ತಿರುತ್ತದೆ. ವಾರದ ಸಂತೆಗೆ ಅಷ್ಟು ಜನ ಸೇರುವುದಿಲ್ಲ, ಆದರೆ ಮುಂದಿನ ಮಂಗಳವಾರ ಅದೇ ಸೊಪ್ಪಿನವಳು ಅದೇ ಮರದ ಕೆಳಗೆ ಕೂತಿರುತ್ತಾಳೆಂಬ ಖಾತ್ರಿ ಇರುತ್ತದೆ. ನೈಜೀರಿಯಾ 2022ರ ಜನವರಿಯಲ್ಲಿ ಟ್ವಿಟರ್ ಮೇಲಿನ ನಿಷೇಧ ತೆಗೆಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಜನ ಹಿಂದಿರುಗಿದರು.

ಇದು ಕೂ ಒಂದರ ಪಾಡಲ್ಲ. ಜರ್ಮನಿಯ ಓಯ್ಗೆನ್ ರೋಖ್ಕೊ ಎಂಬ ಯುವಕ 2016ರಲ್ಲಿ ಹೊರತಂದ ಮಾಸ್ಟಡಾನ್ ಎಂಬ ಜಾಲವಿದೆ. ಅದಕ್ಕೆ ಒಡೆಯನೆಂಬುವನಿಲ್ಲ. ಯಾರು ಬೇಕಾದರೂ ತಮ್ಮದೊಂದು ಸರ್ವರ್ ನಡೆಸಬಹುದು, ಎಲ್ಲ ಸರ್ವರುಗಳೂ ಒಂದರೊಡನೊಂದು ಮಾತಾಡುತ್ತವೆ. 2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತಿನಲ್ಲಿಟ್ಟಾಗ ಸಿಟ್ಟಿಗೆದ್ದ ಭಾರತೀಯರ ಒಂದು ದಂಡು ಮಾಸ್ಟಡಾನ್‌ಗೆ ಹೋಯಿತು. ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ನಿಜವಾದ ಪರೀಕ್ಷೆ 2022ರ ಕೊನೆಯಲ್ಲಿ ಬಂತು. ಅಕ್ಟೋಬರ್‌ನಲ್ಲಿ ತಿಂಗಳಿಗೆ ಸುಮಾರು 3 ಲಕ್ಷ ಇದ್ದ ಸಕ್ರಿಯ ಬಳಕೆದಾರರು ನವೆಂಬರ್ ಮುಗಿಯುವ ಹೊತ್ತಿಗೆ 25 ಲಕ್ಷವಾದರು. ಮರುವರ್ಷ ಜನವರಿ ಕೊನೆಗೆ ಸುಮಾರು 14 ಲಕ್ಷ. ಪತ್ರಿಕೆಗಳು ‘ಮಾಸ್ಟಡಾನ್ ಕುಸಿತ’ ಎಂದು ಬರೆದವು. ನನಗೆ ಆ ತಲೆಬರಹ ಅರ್ಧಸತ್ಯವೆನಿಸುತ್ತದೆ. 3 ಲಕ್ಷದಿಂದ 14 ಲಕ್ಷಕ್ಕೆ ಬಂದು ನಿಲ್ಲುವುದು ಸಣ್ಣ ಮಾತಲ್ಲ. ಆದರೆ ಹೊರಟುಹೋದ 11 ಲಕ್ಷ ಜನ ಯಾಕೆ ಹೋದರು ಎಂಬುದರಲ್ಲೇ ಪಾಠವಿರುವುದು.

ಆಗ ಬಂದ ಹೊಸಬನ ಮೊದಲ ಹತ್ತು ನಿಮಿಷವನ್ನು ಊಹಿಸಿಕೊಳ್ಳಿ. ‘ಖಾತೆ ತೆರೆಯಿರಿ’ ಎಂದು ಒತ್ತಿದ ತಕ್ಷಣ ‘ಯಾವ ಸರ್ವರ್?’ ಎಂಬ ಪ್ರಶ್ನೆ ಎದುರಾಗುತ್ತದೆ. ಸರ್ವರ್ ಎಂದರೆ ಊಟ ಬಡಿಸುವವ ಎಂದಷ್ಟೇ ತಿಳಿದವನು ಅಲ್ಲೇ ಫೋನ್ ಕೆಳಗಿಡುತ್ತಾನೆ. ಹೇಗೋ ಒಂದನ್ನು ಆರಿಸಿಕೊಂಡು ಒಳಗೆ ಹೋದರೆ ಫೀಡ್ ಖಾಲಿ. ಗೆಳೆಯನ ಹೆಸರು ಹುಡುಕಿದರೆ ಸಿಗುವುದಿಲ್ಲ, ಅವನು ಬೇರೆ ಸರ್ವರಿನಲ್ಲಿದ್ದಾನೆ. ಕೊನೆಗೆ ಒಂದು ಸಾಲು ಬರೆದು ಹಾಕಿದರೆ ಹಳಬರೊಬ್ಬರು ಬಂದು, ‘ಇಲ್ಲಿ ರಾಜಕೀಯ ಬರೆಯುವಾಗ ಮೇಲೆ ಎಚ್ಚರಿಕೆಯ ಪಟ್ಟಿ ಹಾಕುವುದು ಪದ್ಧತಿ’ ಎಂದು ನಯವಾಗಿ ಬುದ್ಧಿ ಹೇಳುತ್ತಾರೆ. ಅವರ ಮಾತಿಗೆ ಅರ್ಥವಿದೆ. ಮಾಸ್ಟಡಾನ್‌ನ ಮೊದಲ ನಿವಾಸಿಗಳಲ್ಲಿ ಅನೇಕರು ಟ್ವಿಟರಿನ ಬೈಗುಳದಿಂದ ಬೇಸತ್ತು ಬಂದವರು, ಆ ಪದ್ಧತಿಯೇ ಅವರ ಬೇಲಿ. ಆದರೆ ಜನಾಂಗ ತಾರತಮ್ಯದ ಅನುಭವ ಬರೆದ ಕಪ್ಪು ಅಮೆರಿಕನ್ನರಿಗೂ ಅದೇ ಬುದ್ಧಿಮಾತು ಬಂದಾಗ, ‘ನಮ್ಮ ಬದುಕೇ ನಿಮಗೆ ಎಚ್ಚರಿಕೆಯ ವಿಷಯವೇ?’ ಎಂದು ಅವರು ಕೇಳಿದರು. ಒಂದೇ ನಿಯಮ ಮೊದಲಿಗರಿಗೆ ಆಶ್ರಯ, ಹೊಸಬರಿಗೆ ಅವಮಾನ.

ಹಳಬರ ಈ ಮುನಿಸು ಅಂತರ್ಜಾಲದಷ್ಟೇ ಹಳೆಯದು. ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದ ಕಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೊಸ ಹುಡುಗರು ಸೇರಿದಾಗ ಚರ್ಚೆಗಳಲ್ಲಿ ಗಲಾಟೆ ಏಳುತ್ತಿತ್ತು, ತಿಂಗಳೆರಡು ತಿಂಗಳಲ್ಲಿ ಅವರು ರೀತಿನೀತಿ ಕಲಿತು ತಣ್ಣಗಾಗುತ್ತಿದ್ದರು. 1993–94ರಲ್ಲಿ ಎಒಎಲ್‌ನಂಥ ಸೇವೆಗಳು ಸಾಮಾನ್ಯ ಜನರಿಗೂ ಬಾಗಿಲು ತೆರೆದ ಮೇಲೆ ಹೊಸಬರ ಹರಿವು ನಿಲ್ಲಲೇ ಇಲ್ಲ. ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ಫೇಸ್‌ಬುಕ್‌ನಲ್ಲೂ 2006ರ ಸೆಪ್ಟೆಂಬರ್‌ನಲ್ಲಿ ಹಾಗೇ ಆಯಿತು. ತಿಂಗಳ ಮೊದಲ ವಾರ ‘ನ್ಯೂಸ್ ಫೀಡ್’ ಬಂದಾಗ ಲಕ್ಷಾಂತರ ವಿದ್ಯಾರ್ಥಿಗಳು ಪ್ರತಿಭಟಿಸಿದರು, ಕೊನೆಯ ವಾರ ಅದು 13 ದಾಟಿದ ಎಲ್ಲರಿಗೂ ತೆರೆದುಕೊಂಡಿತು. ಆದರೂ ಜನ ಬಿಟ್ಟು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಫೇಸ್‌ಬುಕ್ 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ಒಂದಕ್ಕೇ ಮೀಸಲಾಗಿತ್ತು. ಅಲ್ಲಿ ತುಂಬಿದ ಮೇಲೆ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಯೇಲ್. ಹೀಗೆ ಒಂದೊಂದೇ ಕ್ಯಾಂಪಸ್. ಪ್ರತಿ ಕಾಲೇಜೂ ತನ್ನಷ್ಟಕ್ಕೆ ಒಂದು ತುಂಬಿದ ಮನೆ. ನನ್ನ ತರಗತಿಯವರೆಲ್ಲ ಅಲ್ಲಿದ್ದಾರೆ ಎಂದಾದ ಮೇಲೆ ದೇಶದಲ್ಲಿ ಎಷ್ಟು ಜನರಿದ್ದಾರೆ ಎಂಬುದು ಯಾರಿಗೆ ಬೇಕು? ಮುಂದೆ ಫೇಸ್‌ಬುಕ್‌ನ ಬೆಳವಣಿಗೆಯ ಹೊಣೆ ಹೊತ್ತ ಚಮಥ್ ಪಾಲಿಹಪಿಟಿಯ, ತಮ್ಮ ತಂಡ ಬೆನ್ನು ಹತ್ತಿದ್ದು ಒಂದೇ ಗುರಿಯನ್ನು ಎಂದು ಹೇಳಿದ್ದುಂಟು: ಹೊಸ ಸದಸ್ಯನಿಗೆ ಹತ್ತು ದಿನದೊಳಗೆ ಏಳು ಸ್ನೇಹಿತರು ಸಿಗಬೇಕು. ಒಟ್ಟು ಸಂಖ್ಯೆಯನ್ನು ಮರೆತು ಒಬ್ಬನ ಸುತ್ತ ಎಷ್ಟು ಜನರಿದ್ದಾರೆ ಎಂದು ಎಣಿಸುವ ಈ ಲೆಕ್ಕ ಸರಳವಾಗಿ ಕಾಣುತ್ತದೆ. ಆದರೆ ಹೂಡಿಕೆದಾರರ ಮುಂದೆ ಕೋಟಿ ಡೌನ್‌ಲೋಡಿನ ಸ್ಲೈಡ್ ತೋರಿಸಬೇಕಾದ ಕಂಪನಿಗೆ ಇದನ್ನು ಪಾಲಿಸುವುದು ಕಷ್ಟ.

ಟ್ವಿಟರನ್ನೇ ಹೋಲುವ ಬ್ಲೂಸ್ಕೈ ಎಂಬ ಜಾಲ ಇದನ್ನು ಬೇರೆ ದಾರಿಯಲ್ಲಿ ಸಾಧಿಸಿತು. 2024ರ ಜೂನ್‌ನಲ್ಲಿ ಅದು ‘ಸ್ಟಾರ್ಟರ್ ಪ್ಯಾಕ್’ ಎಂಬ ಸೌಲಭ್ಯ ತಂದಿತು. ಯಾರು ಬೇಕಾದರೂ ತಮ್ಮ ಆಸಕ್ತಿಯ ಖಾತೆಗಳ ಒಂದು ಪಟ್ಟಿ ಮಾಡಬಹುದು, ಹೊಸಬರು ಒಂದೇ ಗುಂಡಿ ಒತ್ತಿ ಎಲ್ಲರನ್ನೂ ಹಿಂಬಾಲಿಸಬಹುದು. ಖಗೋಳ ವಿಜ್ಞಾನಿಗಳ ಪಟ್ಟಿ, ಪಕ್ಷಿವೀಕ್ಷಕರ ಪಟ್ಟಿ, ಒಂದು ಊರಿನ ವರದಿಗಾರರ ಪಟ್ಟಿ. ಅದೇ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆಯ ನಂತರ ದಿನಕ್ಕೆ ಹತ್ತು ಲಕ್ಷದಂತೆ ಜನ ಬಂದು ಒಟ್ಟು ಸಂಖ್ಯೆ ಎರಡು ಕೋಟಿ ದಾಟಿದಾಗ, ಬಂದವರು ಖಾಲಿ ಛತ್ರಕ್ಕೆ ಬರಲಿಲ್ಲ. ಆ ಪಟ್ಟಿಗಳನ್ನು ಮಾಡಿದವರು ಕಂಪನಿಯ ನೌಕರರಲ್ಲ, ಮೊದಲೇ ಬಂದು ನೆಲೆಸಿದ್ದ ಹಳಬರು. ಹೊಸಬರನ್ನು ಕಂಡು ಮುಖ ಗಂಟಿಕ್ಕಿಕೊಳ್ಳುತ್ತಿದ್ದವರಿಗೆ ಆತಿಥ್ಯದ ಹೊಣೆ ವಹಿಸಿದ್ದು ಜಾಣತನ. ಇದರಿಂದ ಪಟ್ಟಿಯಲ್ಲಿದ್ದವರಷ್ಟೇ ಇನ್ನಷ್ಟು ದೊಡ್ಡವರಾದರು ಎಂಬ ದೂರೂ ಇದೆ, ಇರಲಿ.

ಮೆಟಾದ ಥ್ರೆಡ್ಸ್ 2023ರ ಜುಲೈನಲ್ಲಿ ಐದೇ ದಿನಕ್ಕೆ ಹತ್ತು ಕೋಟಿ ಸದಸ್ಯರನ್ನು ತಲುಪಿತು. ಇನ್‌ಸ್ಟಾಗ್ರಾಂ ಖಾತೆಯನ್ನೇ ಅಲ್ಲಿಗೂ ಎಳೆದುಕೊಂಡರೆ ಯಾರಿಗಾದರೂ ಅದು ಸಾಧ್ಯ. ಸಣ್ಣವರಿಗೆ ಅದರಿಂದ ಕಲಿಯುವಂಥದ್ದೇನಿಲ್ಲ.

ನನಗೆ ಹೆಚ್ಚು ಇಷ್ಟವಾದ ಕಥೆ ನ್ಯೂಜಿಲೆಂಡಿನದು. ಆಕ್ಲೆಂಡಿನ ಮ್ಯಾಥ್ಯೂ ಬುಕಾನನ್ ಮತ್ತು ಕಾರ್ಲ್ ವಾನ್ ರ‍್ಯಾಂಡೋ 2011ರಲ್ಲಿ ಶುರುಮಾಡಿದ ಲೆಟರ್‌ಬಾಕ್ಸ್‌ಡ್, ಸಿನಿಮಾ ಹುಚ್ಚರ ಜಾಲ. ನೋಡಿದ ಸಿನಿಮಾವನ್ನು ದಿನಾಂಕ ಸಮೇತ ದಾಖಲಿಸುವುದು, ಐದರಲ್ಲಿ ಎಷ್ಟು ನಕ್ಷತ್ರ ಎಂದು ಹೇಳುವುದು, ಮನಸ್ಸಿದ್ದರೆ ಎರಡು ಸಾಲು ಬರೆಯುವುದು. ಅಷ್ಟೇ. ಸುಮಾರು ಹತ್ತು ವರ್ಷ ಅದು ಸಣ್ಣದಾಗಿಯೇ ಇತ್ತು. 2020ರ ಆರಂಭದಲ್ಲಿ ಸದಸ್ಯರು ಸುಮಾರು 17 ಲಕ್ಷ. ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತ ಜನ ಸಿನಿಮಾ ನೋಡಿ ನೋಡಿ ಒಂದು ವರ್ಷದೊಳಗೆ 30 ಲಕ್ಷ ದಾಟಿಸಿದರು. 2023ರಲ್ಲಿ ಒಂದು ಕೋಟಿ. ಆ ವರ್ಷ ಕೆನಡಾದ ಟೈನಿ ಎಂಬ ಕಂಪನಿ ಅದರ ಶೇಕಡ 60 ಪಾಲು ಕೊಂಡಿತು, ಹಾಲಿವುಡ್ಡಿನ ಮಾರ್ಟಿನ್ ಸ್ಕೊರ್ಸೆಸಿ ಕೂಡ ಖಾತೆ ತೆರೆದರು.

ಇಲ್ಲಿಯೂ ಅಲೆ ಹೊರಗಿನಿಂದಲೇ ಬಂತು, ಒಪ್ಪೋಣ. ಆದರೆ ಲಾಕ್‌ಡೌನ್ ಮುಗಿದ ಮೇಲೂ ಜನ ಉಳಿದರು. ಕಾರಣ, ಲೆಟರ್‌ಬಾಕ್ಸ್‌ಡ್‌ನಲ್ಲಿ ಒಬ್ಬನೇ ಇದ್ದರೂ ಕೆಲಸವಿದೆ. ಗೆಳೆಯರು ಯಾರೂ ಇಲ್ಲದ ದಿನವೂ ಅದು ನಿಮ್ಮ ಸಿನಿಮಾ ದಿನಚರಿ. ವರ್ಷದ ಕೊನೆಗೆ ತಿರುಗಿ ನೋಡಿದರೆ ನಿಮ್ಮದೇ ಅಭಿರುಚಿಯ ಚರಿತ್ರೆ ಅಲ್ಲಿರುತ್ತದೆ. ಹಾಗೆ ದಾಖಲಿಸುತ್ತಿರುವಾಗ, ನಿಮ್ಮಂತೆಯೇ ‘ಘಟಶ್ರಾದ್ಧ’ಕ್ಕೆ ಐದು ನಕ್ಷತ್ರ ಕೊಟ್ಟ ಇನ್ನೊಬ್ಬ ಎದುರಾಗುತ್ತಾನೆ. ಸ್ನೇಹ ಆಮೇಲೆ. ಪ್ರತಿ ಸದಸ್ಯನ ಪುಟದ ಮೇಲ್ಭಾಗದಲ್ಲಿ ಅವನ ಮೆಚ್ಚಿನ ನಾಲ್ಕು ಸಿನಿಮಾಗಳ ಪೋಸ್ಟರ್ ಇರುತ್ತದೆ. ಈ ಸಣ್ಣ ಚೌಕಟ್ಟನ್ನೇ ಹಿಡಿದು ಅವರು ಚಿತ್ರೋತ್ಸವಗಳ ಕೆಂಪು ಹಾಸಿನ ಮೇಲೆ ನಟನಟಿಯರಿಗೆ ‘ನಿಮ್ಮ ನಾಲ್ಕು ಯಾವುವು?’ ಎಂದು ಕೇಳತೊಡಗಿದರು. ಆ ತುಣುಕುಗಳು ಬೇರೆ ಬೇರೆ ಜಾಲತಾಣಗಳಲ್ಲಿ ಓಡಾಡಿದವು, ಆ ಪ್ರಶ್ನೆಗೆ ತಮ್ಮ ಉತ್ತರವೇನೆಂದು ಯೋಚಿಸಿದ ಸಾಮಾನ್ಯ ಪ್ರೇಕ್ಷಕ ಒಳಗೆ ಬಂದ. ಸಿನಿಮಾ ಪಂಡಿತರ ಕೋಣೆಯಿಂದ ಬಹುಜನದ ಹಜಾರಕ್ಕೆ ಅವರು ಹಾಕಿದ ಸೇತುವೆ ಇದು. ಪಂಡಿತರು ತಮ್ಮ ಕೋಣೆ ಬಿಟ್ಟುಕೊಡಬೇಕಾಗಲಿಲ್ಲ.

ನಮ್ಮ ಶೇರ್‌ಚಾಟ್ ಹಿಡಿದ ದಾರಿಯೂ ದೂರದ್ದಲ್ಲ. ಐಐಟಿ ಕಾನ್ಪುರದ ಮೂವರು 2015ರಲ್ಲಿ ಶುರುಮಾಡಿದ ಆ ಆ್ಯಪ್ ಇಂಗ್ಲಿಷನ್ನು ಬೇಕೆಂದೇ ಹೊರಗಿಟ್ಟಿತು. ಅದರ ಶುಭೋದಯದ ಚಿತ್ರಗಳನ್ನು ಓದಿಕೊಂಡವರು ಎಷ್ಟೇ ಗೇಲಿ ಮಾಡಲಿ, ಆ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ತವರಿಗೆ ಹೋಗುವಾಗ ಶೇರ್‌ಚಾಟ್‌ನ ಹೆಸರನ್ನೂ ಹೊತ್ತೊಯ್ಯುತ್ತಿತ್ತು. ಕೂನಲ್ಲಿ ಹುಟ್ಟಿದ ಯಾವುದನ್ನು ಕನ್ನಡಿಗರು ಹೀಗೆ ಹೊತ್ತು ತಿರುಗಿದರು? ನೆನಪಿಸಿಕೊಳ್ಳಲು ನಾನು ಪ್ರಯತ್ನಪಟ್ಟೆ.

ಹಾಗೆಂದು ಎಲ್ಲ ಸಣ್ಣ ಜಾಲಗಳೂ ಬೆಳೆಯಲೇಬೇಕೆಂಬ ಶಾಸ್ತ್ರವೇನಿಲ್ಲ. ಹೆಣಿಗೆ ಮತ್ತು ಕ್ರೋಶೆ ಮಾಡುವವರಿಗಾಗಿ 2007ರಲ್ಲಿ ಅಮೆರಿಕದ ದಂಪತಿ ಕಟ್ಟಿದ ರಾವಲ್ರಿ ಇಂದಿಗೂ ಹೆಣಿಗೆಯದ್ದೇ. ಲಕ್ಷಗಟ್ಟಲೆ ಸದಸ್ಯರಿದ್ದರೂ ನಡೆಸುವವರು ಬೆರಳೆಣಿಕೆಯ ಜನ. ಹೆಣಿಗೆಯ ವಿನ್ಯಾಸ ಮಾರಿದಾಗ ಸಿಗುವ ಪುಟ್ಟ ಪಾಲು, ನೂಲಿನ ಅಂಗಡಿಗಳ ಜಾಹೀರಾತು, ಇಷ್ಟರಲ್ಲೇ ಸಂಸಾರ ಸಾಗುತ್ತದೆ. ‘ಮುಂದಿನ ಟ್ವಿಟರ್ ಆಗುತ್ತೇವೆ’ ಎಂದು ಅವರು ಯಾರಿಗೂ ಮಾತು ಕೊಟ್ಟಿಲ್ಲ, ಹಾಗಾಗಿ ಯಾರೂ ಅವರನ್ನು ಸೋತವರೆನ್ನುವುದಿಲ್ಲ. ಬೆಳೆಯಬೇಕೋ ಬೇಡವೋ ಎಂಬುದು ಎಷ್ಟೋ ಸಲ ಹಣ ಎಲ್ಲಿಂದ ಬಂತು ಎಂಬುದರ ಮೇಲೆ ಮೊದಲ ದಿನವೇ ತೀರ್ಮಾನವಾಗಿಬಿಟ್ಟಿರುತ್ತದೆ. ಕೋಟಿಗಟ್ಟಲೆ ಡಾಲರ್ ತಂದವರಿಗೆ ಕನ್ನಡದ ಹತ್ತು ಲಕ್ಷ ಓದುಗರು ಸಾಕೆನಿಸುವುದಿಲ್ಲ. ಕೂ ವಿಷಯದಲ್ಲಿ ನನ್ನ ತೀರ್ಪು ಇದೇ. ಅದು ಕನ್ನಡವೆಂಬ ಮೊದಲ ಹೊಲದಲ್ಲಿ ಬೆಳೆ ಕೈಗೆ ಬರುವ ಮುನ್ನವೇ ದೇಶ, ಖಂಡ ಎಂದು ಬೇಲಿ ಹಾರುತ್ತಾ ಹೋಯಿತು.

ಬೇರೆ ಥರ ಹೇಗಿರಬಹುದಿತ್ತು? ಒಂದು ಕಲ್ಪನೆ ಮಾಡಿಕೊಳ್ಳೋಣ. ಯಕ್ಷಗಾನದ ಅಭಿಮಾನಿಗಳನ್ನು ತೆಗೆದುಕೊಳ್ಳಿ. ದಿನಚರಿ ಇಡುವ ಚಟ ಇವರಲ್ಲಿ ಮೊದಲೇ ಇದೆ. ಯಾವ ಮೇಳ, ಯಾವ ಊರು, ಯಾವ ಪ್ರಸಂಗ, ಭಾಗವತರು ಯಾರು, ಚೆಂಡೆ ಮದ್ದಳೆ ಯಾರದು, ಕೌರವ ಯಾರು, ಭೀಮ ಯಾರು, ಯಾವ ಪದ್ಯಕ್ಕೆ ಕುಣಿತ ಏರಿತು, ಇವೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ಆ ಮಾಹಿತಿ ಈಗ ನೂರಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದು ಹಂಚಿಹೋಗಿ ಮರುದಿನ ಮುಳುಗುತ್ತದೆ. ನೋಡಿದ ಆಟವನ್ನು ದಾಖಲಿಸುವ ಒಂದು ಪುಟ್ಟ ಆ್ಯಪ್ ಇದ್ದರೆ, ಮೊದಲ ವರ್ಷ ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯ ಒಂದೆರಡು ಮೇಳಗಳ ಖಾಯಂ ಪ್ರೇಕ್ಷಕರು ಸಾಕು. ದೀಪಾವಳಿಯ ನಂತರ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟವಿದೆ, ಅಂದರೆ ಆರು ತಿಂಗಳು ದಿನವೂ ಬರೆಯಲು ವಿಷಯವಿದೆ. ಅಲ್ಲಿ ತುಂಬಿದ ಮೇಲೆ ಉತ್ತರದ ಶೈಲಿಯ ಬಡಗುತಿಟ್ಟು. ತಿಟ್ಟುಗಳ ನಡುವಿನ ಜಗಳವೇ ಜನರನ್ನು ಎಳೆತಂದೀತು. ಮಳೆಗಾಲದಲ್ಲಿ ಮೇಳಗಳು ಮುಂಬೈಗೆ ಹೋಗುತ್ತವೆ, ಜಾಲವೂ ಅವುಗಳ ಜೊತೆ ಹೋಗಲಿ. ಆಮೇಲೆ ತಾಳಮದ್ದಳೆಯವರು, ಅರ್ಥಗಾರಿಕೆಗೆ ಸೋತ ಸಾಹಿತ್ಯಾಸಕ್ತರು, ದುಬೈ ಬಹರೈನ್‌ಗಳಲ್ಲಿ ಕೂತು ಯೂಟ್ಯೂಬ್‌ನಲ್ಲಿ ಆಟ ನೋಡುವ ಕರಾವಳಿಗರು. ಒಂದೊಂದು ಹೆಜ್ಜೆಯಲ್ಲೂ ಹೊಸಬನಿಗೆ ಒಳಗಿರುವ ಯಾರಾದರೊಬ್ಬರ ಗುರುತಿರುತ್ತದೆ.

ಅದು ಎಂದೂ ಒಂದು ಕೋಟಿ ಮುಟ್ಟಲಿಕ್ಕಿಲ್ಲ. ಟೈಗರ್ ಗ್ಲೋಬಲ್ ಅದರ ಕಡೆ ತಿರುಗಿಯೂ ನೋಡಲಿಕ್ಕಿಲ್ಲ.

ಅಂಥದ್ದೊಂದು ಬರುವವರೆಗೆ ಕೈಗೆಟುಕುವ ಕೆಲಸವೊಂದಿದೆ. ಲೆಟರ್‌ಬಾಕ್ಸ್‌ಡ್ ತನ್ನ ಸಿನಿಮಾಗಳ ವಿವರ ಪಡೆಯುವುದು ಟಿಎಂಡಿಬಿ ಎಂಬ ಸಾರ್ವಜನಿಕ ಭಂಡಾರದಿಂದ. ಅಲ್ಲಿ ಯಾರು ಬೇಕಾದರೂ ಹೊಸ ಚಿತ್ರ ಸೇರಿಸಬಹುದು, ತಪ್ಪು ತಿದ್ದಬಹುದು, ಕನ್ನಡದಲ್ಲೇ ಕಥಾಸಾರ ಬರೆಯಬಹುದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು, ಅಲ್ಲಿ ನೋಡಿದವರು ಇನ್ನಷ್ಟು ಕನ್ನಡ ಚಿತ್ರಗಳಿಗಾಗಿ ಹುಡುಕುವುದು ಇಂಥ ಕಡೆಯೇ. ಈ ಭಾನುವಾರ ಅರ್ಧ ಗಂಟೆ ಬಿಡುವಿದ್ದರೆ, ನಿಮ್ಮ ಮೆಚ್ಚಿನ ಹಳೆಯ ಕನ್ನಡ ಸಿನಿಮಾ ಅಲ್ಲಿದೆಯೇ, ಕಲಾವಿದರ ಹೆಸರು ಸರಿಯಿದೆಯೇ ನೋಡಿ. ಇಲ್ಲದಿದ್ದರೆ ನೀವೇ ಸೇರಿಸಿ.